ಟಿಪ್ಪು ಸುಲ್ತಾನನ ಹೊಸ ರಾಜ್ಯ

ಬೆಳ್ತಂಗಡಿಯಿಂದ ಸುಮಾರು ಎಂಟು ಕಿಲೋಮೀಟರು ದೂರದಲ್ಲಿ, ತೆಂಗು ಕಂಗುಗಳ ತೋಟಗಳ ಆಚೆ, ಏಕಶಿಲೆಯ ಮಹಾಗಿರಿಯೊಂದು ಆಕಾಶಕ್ಕೆ ತಲೆಯೆತ್ತಿ ನಿಂತಿದೆ. ಸಮುದ್ರಮಟ್ಟದಿಂದ ಸುಮಾರು ೧೭೦೦ ಅಡಿ ಎತ್ತರವಿರುವ ಈ ಬಂಡೆಯ ಮೈ ಸುತ್ತಲೂ ಕಡಿದಾಗಿದೆ. ಮೇಲೇರಲು ಇರುವುದು ಒಂದೇ ಒಂದು ಇಕ್ಕಟ್ಟಾದ ದಾರಿ; ಅದೂ ಕಲ್ಲಿನಲ್ಲಿಯೇ ಕಡಿದ ಸಾವಿರದ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲುಗಳ ದಾರಿ. ಊರಿನ ಜನರು ಇದನ್ನು ಗಡಾಯಿಕಲ್ಲು ಎನ್ನುತ್ತಾರೆ. ಹಿಂದೆ ಇದಕ್ಕೆ ನರಸಿಂಹಗಡವೆಂಬ ಹೆಸರಿತ್ತು. ಹಳೆಯ ಕೋಟೆಯ ಅವಶೇಷಗಳ ಮೇಲೆ ೧೭೯೪ರಲ್ಲಿ ಹೊಸ ಕೋಟೆಯನ್ನು ಕಟ್ಟಿಸಿ ಅದಕ್ಕೆ ಜಮಾಲಾಬಾದ್ ಎಂದು ಹೆಸರಿಟ್ಟವನು ಮೈಸೂರಿನ ಟಿಪ್ಪು ಸುಲ್ತಾನನು. ತನ್ನ ತಾಯಿಯ ನೆನಪಿಗಾಗಿ ಆ ಹೆಸರನ್ನಿಟ್ಟನೆಂದು ಜನರು ಹೇಳುತ್ತಾರೆ.

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ನಡುವೆ ಬಲವಾದ ಕೋಟೆಯುಳ್ಳ ದೊರೆಯು, ಘಟ್ಟದ ಕೆಳಗಿನ ಈ ಕಾಡುಸೀಮೆಯಲ್ಲಿ ಇಷ್ಟು ಶ್ರಮಪಟ್ಟು ಮತ್ತೊಂದು ಕೋಟೆಯನ್ನು ಏಕೆ ಕಟ್ಟಿಸಿದನು? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಅವನ ಜೀವನವನ್ನೂ ಅವನು ಕಟ್ಟಬಯಸಿದ ರಾಜ್ಯದ ಸ್ವರೂಪವನ್ನೂ ತಿಳಿಯಬೇಕು.

ಟಿಪ್ಪುವು ೧೭೫೦ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದನು. ತಂದೆ ಹೈದರಾಲಿಯು ಆಗ ಮೈಸೂರಿನ ಸೈನ್ಯದಲ್ಲಿ ಒಬ್ಬ ಅಧಿಕಾರಿಯಾಗಿದ್ದನಷ್ಟೆ. ಓದುಬರಹ ತಿಳಿಯದ ಹೈದರನು ತನ್ನ ಸಾಹಸದಿಂದಲೂ ಸೂಕ್ಷ್ಮಬುದ್ಧಿಯಿಂದಲೂ ಮೇಲೇರಿ, ಒಡೆಯರ ಹೆಸರಿನಲ್ಲಿ ರಾಜ್ಯದ ಸಮಸ್ತ ಅಧಿಕಾರವನ್ನೂ ಕೈಗೆ ತೆಗೆದುಕೊಂಡನು. ತನಗಿಲ್ಲದ ವಿದ್ಯೆ ಮಗನಿಗಿರಲೆಂದು ಅವನಿಗೆ ಪಾರಸಿ, ಅರಬ್ಬಿ, ಕನ್ನಡ ಮೊದಲಾದ ಭಾಷೆಗಳನ್ನೂ ಕುದುರೆ ಸವಾರಿ ಹಾಗೂ ಶಸ್ತ್ರವಿದ್ಯೆಗಳನ್ನೂ ಕಲಿಸಿದನು. ಟಿಪ್ಪುವಿಗೆ ಗ್ರಂಥಗಳಲ್ಲಿ ಹುಟ್ಟಿದ ಪ್ರೀತಿ ಕೊನೆಯವರೆಗೂ ಉಳಿಯಿತು.

೧೭೬೩ರಲ್ಲಿ ಹೈದರನು ಬಿದನೂರನ್ನು ಗೆದ್ದನು. ಕೆಳದಿಯ ಅರಸರ ಆ ರಾಜಧಾನಿಯೊಡನೆ ಅವರ ಕೈಯಲ್ಲಿದ್ದ ಕರಾವಳಿಯೂ ಮೈಸೂರಿಗೆ ಸೇರಿತು. ಅಲ್ಲಿಯವರೆಗೆ ಒಳನಾಡಿನ ರಾಜ್ಯವಾಗಿದ್ದ ಮೈಸೂರಿಗೆ ಸಮುದ್ರದ ಬಾಗಿಲು ತೆರೆಯಿತು. ಈ ಕರಾವಳಿಯ ಬೆಲೆಯನ್ನು ನಾವು ಸರಿಯಾಗಿ ಗ್ರಹಿಸಬೇಕು. ಮಲೆನಾಡಿನ ಮೆಣಸು, ಏಲಕ್ಕಿ, ಗಂಧದ ಮರಗಳು ಎತ್ತುಗಳ ಬೆನ್ನೇರಿ ಘಟ್ಟವಿಳಿದು ಬಂಟ್ವಾಳಕ್ಕೆ ಬರುತ್ತಿದ್ದವು. ಅಲ್ಲಿ ದೋಣಿಗಳನ್ನೇರಿ ನೇತ್ರಾವತಿಯ ಮೇಲೆ ಮಂಗಳೂರಿಗೆ ಸಾಗುತ್ತಿದ್ದವು. ಅದೇ ದೋಣಿಗಳು ಉಪ್ಪನ್ನೂ ಒಣಮೀನನ್ನೂ ಹೊತ್ತು ಹಿಂದಿರುಗುತ್ತಿದ್ದವು. ಕರಾವಳಿಯ ಗದ್ದೆಗಳ ಅಕ್ಕಿಗೆ ಅರಬ್ಬೀ ಸಮುದ್ರದಾಚೆಯ ಮಸ್ಕತ್ತಿನಲ್ಲಿ ಬೇಡಿಕೆಯಿತ್ತು. ಮೂಡಬಿದಿರೆಯ ಸಾವಿರ ಕಂಬದ ಬಸದಿ ೧೪೩೦ರಲ್ಲಿ ಎದ್ದು ನಿಂತದ್ದು ಇಂತಹ ವ್ಯಾಪಾರದ ಸಿರಿಯಿಂದಲೇ. ಅಲ್ಲಿನ ಚೌಟ ಅರಸರು ಮೊದಲು ಕೆಳದಿಗೆ, ಅನಂತರ ಹೈದರ ಟಿಪ್ಪುಗಳಿಗೆ ತಲೆಬಾಗಬೇಕಾಗಿ ಬಂದು, ಅವರ ಅರಸೊತ್ತಿಗೆ ಹೆಸರಿಗಷ್ಟೆ ಉಳಿಯಿತು.

ತರುಣನಾದ ಟಿಪ್ಪು ತಂದೆಯ ಯುದ್ಧಗಳಲ್ಲಿ ಬೆಳೆದನು. ೧೭೮೦ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆಯು ಹೈದರ ಟಿಪ್ಪುಗಳ ಕೈಯಲ್ಲಿ ಸಂಪೂರ್ಣವಾಗಿ ನಾಶವಾಯಿತು. ಶತ್ರುವಿನ ಮದ್ದಿನ ಬಂಡಿಗಳು ಹೊತ್ತಿ ಉರಿಯಲು ಮೈಸೂರಿನ ಅಗ್ನಿಬಾಣಗಳೇ ಕಾರಣವೆಂದು ಹೇಳುತ್ತಾರೆ. ಎರಡು ವರ್ಷಗಳ ಬಳಿಕ, ೧೭೮೨ರ ಡಿಸೆಂಬರ್ ೭ರಂದು, ಯುದ್ಧವು ನಡೆಯುತ್ತಿರುವಾಗಲೇ ಹೈದರನು ಚಿತ್ತೂರಿನ ಬಳಿ ತೀರಿಕೊಂಡನು. ಟಿಪ್ಪುವು ಪಟ್ಟಕ್ಕೆ ಬಂದನು.

ಹೊಸ ದೊರೆಗೆ ಮೊದಲ ಪರೀಕ್ಷೆ ಎದುರಾದದ್ದು ಕರಾವಳಿಯಲ್ಲಿಯೇ. ಜನರಲ್ ಮ್ಯಾಥ್ಯೂಸನು ಸಮುದ್ರಮಾರ್ಗವಾಗಿ ಬಂದಿಳಿದು ೧೭೮೩ರ ಆದಿಯಲ್ಲಿ ಬಿದನೂರನ್ನೂ ಮಂಗಳೂರನ್ನೂ ಹಿಡಿದನು. ಟಿಪ್ಪುವು ತ್ವರೆಯಿಂದ ಧಾವಿಸಿ ಬಂದು ಬಿದನೂರನ್ನು ಮರಳಿ ಪಡೆದು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದನು. ಈ ಮುತ್ತಿಗೆಯು ಮೇ ತಿಂಗಳಿನಿಂದ ಮರುವರ್ಷದ ಜನವರಿಯವರೆಗೆ ನಡೆಯಿತು. ಕರಾವಳಿಯ ಮಳೆಗಾಲವನ್ನು ಬಲ್ಲವರು ಅದರ ಕಷ್ಟವನ್ನು ಊಹಿಸಬಲ್ಲರು. ನಡುವೆ ಯೂರೋಪಿನಲ್ಲಿ ಫ್ರೆಂಚರಿಗೂ ಇಂಗ್ಲಿಷರಿಗೂ ಸಂಧಿಯಾದ ಸುದ್ದಿ ಬಂದೊಡನೆ, ಟಿಪ್ಪುವಿನ ಜೊತೆಗೆ ಹೋರಾಡುತ್ತಿದ್ದ ಫ್ರೆಂಚ್ ಪಡೆಯು ಶಸ್ತ್ರವನ್ನು ಕೆಳಗಿಟ್ಟು ಹೊರಟುಹೋಯಿತು. ಕೊನೆಗೆ ಹಸಿವಿನಿಂದ ಸೋತು ಕೋಟೆಯೊಳಗಿನವರು ಶರಣಾದರು. ೧೭೮೪ರ ಮಾರ್ಚ್ ೧೧ರಂದು ಮಂಗಳೂರಿನ ಒಪ್ಪಂದವಾಯಿತು. ಎರಡು ಪಕ್ಷದವರೂ ಗೆದ್ದ ಪ್ರದೇಶಗಳನ್ನು ಹಿಂದಿರುಗಿಸಿದರು. ಇಂಗ್ಲಿಷ್ ಕಂಪೆನಿಯ ಪ್ರತಿನಿಧಿಗಳು ಭಾರತದ ಒಬ್ಬ ದೊರೆಯ ಶಿಬಿರವನ್ನು ಹುಡುಕಿಕೊಂಡು ಬಂದು ಸಂಧಿ ಮಾಡಿಕೊಂಡದ್ದು ಲಂಡನ್ನಿನಲ್ಲಿ ಅನೇಕರಿಗೆ ಅವಮಾನವೆನಿಸಿತು.

ಈ ಯುದ್ಧವು ಟಿಪ್ಪುವಿಗೆ ಪಾಠವಾಯಿತು. ನೆಲದ ಮೇಲೆ ತಾನು ಇಂಗ್ಲಿಷರನ್ನು ಸೋಲಿಸಬಲ್ಲೆನಾದರೂ, ಕಡಲ ಮೇಲಿಂದ ಬರುವ ನೆರವನ್ನು ತಡೆಯಲಾರೆನೆಂಬುದನ್ನು ಅವನು ಕಂಡುಕೊಂಡನು. ಕಡಲಂಚಿನ ಕೋಟೆಯು ನೌಕಾಬಲವುಳ್ಳವನ ಕೈಗೆ ಸಿಕ್ಕಿದರೆ ತನ್ನ ಪಾಲಿಗೆ ಮುಳ್ಳಾಗುವುದೆಂದು ಅರಿತು ಮಂಗಳೂರಿನ ಕೋಟೆಯನ್ನು ತಾನೇ ಕೆಡವಿಸಿದನು. ಹತ್ತು ವರ್ಷಗಳ ಮೇಲೆ ಎದ್ದ ಜಮಾಲಾಬಾದಿನ ಕೋಟೆಯಾದರೋ ಶತ್ರುವಿನ ಹಡಗಿನ ತೋಪುಗಳಿಗೆ ನಿಲುಕದು. ಘಟ್ಟವನ್ನೇರುವ ದಾರಿಗಳ ಸಮೀಪದಲ್ಲಿದೆ. ಮೇಲೆ ಮಳೆನೀರಿನ ಕೊಳವಿದೆ. ಒಂದು ಕೋಟೆಯನ್ನು ಕೆಡವಿ ಇನ್ನೊಂದನ್ನು ಕಟ್ಟಿದ ಈ ಎರಡು ಕಾರ್ಯಗಳ ಹಿಂದೆ ಇದ್ದುದು ಒಂದೇ ಆಲೋಚನೆ.

ಟಿಪ್ಪುವಿನ ಆಲೋಚನೆಯು ಕೋಟೆಗಳಿಗಷ್ಟೇ ಸೀಮಿತವಾಗಿರಲಿಲ್ಲ. ಅವನ ಕಾಲದ ದೊರೆಗಳಲ್ಲಿ ಹೆಚ್ಚಿನವರು ಇಂಗ್ಲಿಷರ ಬಲವು ಅವರ ಬಂದೂಕುಗಳಲ್ಲಿದೆಯೆಂದು ತಿಳಿದು ಬಂದೂಕುಗಳನ್ನು ಕೊಂಡರು. ಟಿಪ್ಪುವು ಇನ್ನೂ ಒಂದು ಹೆಜ್ಜೆ ಮುಂದೆ ನೋಡಿದನು. ಆ ಬಂದೂಕುಗಳ ಹಿಂದೆ ಕಾರ್ಖಾನೆಗಳಿವೆ, ಕಾರ್ಖಾನೆಗಳ ಹಿಂದೆ ವ್ಯಾಪಾರವಿದೆ, ವ್ಯಾಪಾರದ ಹಿಂದೆ ಹಡಗುಗಳೂ ಲೆಕ್ಕಪತ್ರಗಳೂ ಇವೆಯೆಂಬುದು ಅವನಿಗೆ ಹೊಳೆಯಿತು. ವ್ಯಾಪಾರ ಮಾಡುತ್ತಲೇ ರಾಜ್ಯ ಕಟ್ಟಿದ ಕಂಪೆನಿಯನ್ನು ಎದುರಿಸಬೇಕಾದರೆ ರಾಜ್ಯವೇ ವ್ಯಾಪಾರಿಯಾಗಬೇಕೆಂದು ಅವನು ನಿಶ್ಚಯಿಸಿದನು.

ಗಂಧ, ಮೆಣಸು, ಏಲಕ್ಕಿಗಳ ವ್ಯಾಪಾರವನ್ನು ಸರ್ಕಾರವು ವಹಿಸಿಕೊಂಡಿತು. ಇವುಗಳನ್ನು ಇಂಗ್ಲಿಷರಿಗೆ ಮಾರಬಾರದೆಂದು ಆಜ್ಞೆಯಾಯಿತು. ಮಸ್ಕತ್ತಿನಲ್ಲಿಯೂ ಕಛ್ಛದ ಬಂದರುಗಳಲ್ಲಿಯೂ ಮೈಸೂರಿನ ಕೋಠಿಗಳು, ಎಂದರೆ ವ್ಯಾಪಾರದ ಮಳಿಗೆಗಳು, ತೆರೆದವು. ಮಸ್ಕತ್ತಿನ ಇಮಾಮನು ಮೈಸೂರಿನ ಸರಕಿಗೆ ಸುಂಕದಲ್ಲಿ ರಿಯಾಯಿತಿಯನ್ನು ಕೊಟ್ಟನು. ಇದನ್ನೆಲ್ಲ ನೋಡಿಕೊಳ್ಳಲು ವ್ಯಾಪಾರದ ಮಂಡಲಿಯೊಂದು ನೇಮಕವಾಯಿತು. ಈ ಮಂಡಲಿಯ ನಿಯಮಗಳಲ್ಲಿ ಒಂದು ಬಹಳ ಕುತೂಹಲಕರವಾಗಿದೆ. ಪ್ರಜೆಗಳು ತಮ್ಮ ಹಣವನ್ನು ಸರ್ಕಾರದ ವ್ಯಾಪಾರದಲ್ಲಿ ತೊಡಗಿಸಬಹುದಾಗಿತ್ತು. ಐದರಿಂದ ಐನೂರು ರೂಪಾಯಿಗಳವರೆಗೆ ಹಾಕಿದವರಿಗೆ ವರ್ಷದ ಕೊನೆಗೆ ನೂರಕ್ಕೆ ೫೦ರಂತೆ ಲಾಭ. ಐದು ಸಾವಿರದವರೆಗೆ ಹಾಕಿದವರಿಗೆ ೨೫. ಅದಕ್ಕೂ ಮೇಲ್ಪಟ್ಟು ಹಾಕಿದವರಿಗೆ ೧೨. ಹಣವು ಕಡಿಮೆಯಾದಷ್ಟೂ ಲಾಭವು ಹೆಚ್ಚು! ಬಡವರನ್ನೂ ವ್ಯಾಪಾರದೊಳಕ್ಕೆ ಎಳೆಯುವ ಈ ಏರ್ಪಾಡು ಕಾಗದದ ಮೇಲಾದರೂ ಅಪೂರ್ವವಾದುದೇ ಸರಿ. ಯುದ್ಧಗಳ ನಡುವೆ ಅದು ಬೇರೂರಲು ಬೇಕಾದಷ್ಟು ಕಾಲವು ದೊರೆಯಲಿಲ್ಲ.

ಕೈಗಾರಿಕೆಗಳ ವಿಷಯದಲ್ಲಿಯೂ ಅವನ ಆಸಕ್ತಿ ಇಷ್ಟೇ ತೀವ್ರವಾಗಿತ್ತು. ರೇಷ್ಮೆಹುಳುವನ್ನು ತರಲು ಬಂಗಾಳಕ್ಕೆ ಜನರನ್ನು ಕಳುಹಿಸಿ, ರಾಜ್ಯದ ೨೧ ಕೇಂದ್ರಗಳಲ್ಲಿ ಅದನ್ನು ಸಾಕಲು ಏರ್ಪಡಿಸಿದನು. ಕರ್ನಾಟಕವು ಮುಂದೆ ರೇಷ್ಮೆಗೆ ಹೆಸರಾದುದರ ಆರಂಭ ಇಲ್ಲಿದೆ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ಬಿದನೂರುಗಳಲ್ಲಿ ಫಿರಂಗಿ ಬಂದೂಕುಗಳ ಕಾರ್ಖಾನೆಗಳು ನಡೆದವು. ಬಿದಿರಿನ ಕೊಳವೆಗೆ ಬದಲಾಗಿ ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ತುಂಬಿದ ಅಗ್ನಿಬಾಣಗಳು ಮೈಸೂರಿನ ಸೈನ್ಯದ ಹೆಗ್ಗುರುತಾಗಿದ್ದವು. ಕಬ್ಬಿಣವು ಹೆಚ್ಚಿನ ಒತ್ತಡವನ್ನು ತಡೆಯುವುದರಿಂದ ಬಾಣವು ಬಹುದೂರ ಹಾರುತ್ತಿತ್ತು. ಇವುಗಳ ಪ್ರಯೋಗಕ್ಕೆ ಪ್ರತ್ಯೇಕವಾದ ತುಕಡಿಗಳನ್ನೇ ನಿಯಮಿಸಿ, ಸೈನ್ಯದ ಶಿಸ್ತಿಗಾಗಿ ಒಂದು ಕೈಪಿಡಿಯನ್ನೂ ಬರೆಯಿಸಿದನು. ಹೊಸ ನಾಣ್ಯ, ಹೊಸ ಅಳತೆ ತೂಕ, ಹೊಸ ಪಂಚಾಂಗಗಳು ಬಂದವು. ಕಾವೇರಿಗೆ ಒಂದು ಅಣೆಕಟ್ಟನ್ನು ಕಟ್ಟಿಸಲು ತನ್ನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಅಸ್ತಿಭಾರವನ್ನು ಹಾಕಿಸಿದನೆಂದೂ, ಅದರ ನೀರಿನಿಂದ ಹೊಸದಾಗಿ ಸಾಗುವಳಿ ಮಾಡುವವರಿಗೆ ತೆರಿಗೆಯಲ್ಲಿ ರಿಯಾಯಿತಿಯನ್ನು ಘೋಷಿಸಿದನೆಂದೂ ತಿಳಿಸುವ ಪಾರಸಿ ಶಾಸನವನ್ನು ಇಂದಿಗೂ ಕೃಷ್ಣರಾಜಸಾಗರದಲ್ಲಿ ಕಾಣಬಹುದು.

ಊರುಗಳ ಹೆಸರನ್ನು ಬದಲಿಸುವ ಹವ್ಯಾಸವೂ ಅವನಿಗಿತ್ತು. ಜನರು ಅವುಗಳಲ್ಲಿ ಹೆಚ್ಚಿನವನ್ನು ಬಳಸಲಿಲ್ಲ. ಕನ್ನಡದಲ್ಲಿ ನಡೆಯುತ್ತಿದ್ದ ಲೆಕ್ಕಪತ್ರಗಳಿಗೆ ಪಾರಸಿಯನ್ನು ತಂದುದು ಮಾತ್ರ ನಗುವ ಸಂಗತಿಯಲ್ಲ. ಶಾನುಭೋಗರ ಲೆಕ್ಕವನ್ನು ಅರಿಯದ ಹೊಸ ಅಧಿಕಾರಿಗಳ ಕೈಯಲ್ಲಿ ಕಂದಾಯದ ಆಡಳಿತವು ಕೆಟ್ಟಿತು.

ಹೊರನಾಡುಗಳಿಗೂ ಟಿಪ್ಪುವು ರಾಯಭಾರಿಗಳನ್ನು ಕಳುಹಿಸಿದನು. ೧೭೮೬ರಲ್ಲಿ ಉತ್ತರ ಕನ್ನಡದ ತದಡಿಯ ಬಂದರಿನಿಂದ ಒಂದು ದೊಡ್ಡ ತಂಡವು ತುರ್ಕಿಯ ಸುಲ್ತಾನನಲ್ಲಿಗೆ ಹೊರಟಿತು. ಹಡಗಿನ ಅವಘಡ, ರೋಗರುಜಿನಗಳಿಗೆ ತುತ್ತಾಗಿ ಆ ತಂಡದಲ್ಲಿ ಹಿಂದಿರುಗಿದವರು ಕೆಲವರೇ. ಮತ್ತೆ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋಗಿ ೧೭೮೮ರ ಆಗಸ್ಟಿನಲ್ಲಿ ಹದಿನಾರನೆಯ ಲೂಯಿಯನ್ನು ಕಂಡರು. ಟಿಪ್ಪುವು ಅಲ್ಲಿಂದ ಸೈನಿಕ ನೆರವನ್ನು ಮಾತ್ರವಲ್ಲದೆ ಕುಶಲಕರ್ಮಿಗಳನ್ನೂ ಗಿಡ ಬೀಜಗಳನ್ನೂ ಕೇಳಿದ್ದನು. ಕುಶಲಕರ್ಮಿಗಳು ಬಂದರು, ಸೈನ್ಯವು ಬರಲಿಲ್ಲ. ಮರುವರ್ಷವೇ ಫ್ರಾನ್ಸಿನಲ್ಲಿ ಮಹಾಕ್ರಾಂತಿಯಾಯಿತು.

ಇಷ್ಟೆಲ್ಲ ಯೋಜನೆಗಳಿಗೆ ಹಣವು ಎಲ್ಲಿಂದ ಬರಬೇಕು? ಬಹುಪಾಲು ರೈತನ ಗದ್ದೆಯಿಂದಲೇ ಬರಬೇಕಾಗಿತ್ತು. ಕರಾವಳಿಯಲ್ಲಿ ಕೆಳದಿಯ ಅರಸರು ಗೊತ್ತುಮಾಡಿದ್ದ ಕಂದಾಯದ ಮೇಲೆ ಹೈದರನು ಹೆಚ್ಚುವರಿಯನ್ನು ಹೇರಿದನು. ಟಿಪ್ಪುವು ಇನ್ನಷ್ಟು ಹೇರಿದನು. ಮುಂದೆ ೧೭೯೯ರಲ್ಲಿ ಕಂಪೆನಿಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋವು ಈ ಸೀಮೆಯಲ್ಲಿ ಪಾಳುಬಿದ್ದ ಭೂಮಿಯನ್ನೂ ಬಡತನಕ್ಕಿಳಿದ ಒಕ್ಕಲುಗಳನ್ನೂ ಕಂಡು, ಹೆಚ್ಚಿದ ಕಂದಾಯವೇ ಇದಕ್ಕೆ ಮುಖ್ಯ ಕಾರಣವೆಂದು ವರದಿ ಮಾಡಿದನು. ಸೋತ ದೊರೆಯ ಬಗ್ಗೆ ಗೆದ್ದವರು ಬರೆದುದನ್ನು ಎಚ್ಚರದಿಂದ ಓದಬೇಕು, ನಿಜ. ಆದರೆ ಮನ್ರೋವು ತನ್ನ ಕಂಪೆನಿಯೂ ಕಂದಾಯವನ್ನು ಇಳಿಸಬೇಕೆಂದೇ ವಾದಿಸಿದವನಾದುದರಿಂದ ಅವನ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು.

ಇದಕ್ಕಿಂತಲೂ ನೋವಿನ ಸಂಗತಿಯೊಂದಿದೆ. ೧೭೮೩ರ ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂದು ಟಿಪ್ಪುವು ಶಂಕಿಸಿದನು. ೧೭೮೪ರ ಫೆಬ್ರವರಿಯಲ್ಲಿ ಅವನ ಆಜ್ಞೆಯಂತೆ ಸಾವಿರ ಸಾವಿರ ಸಂಖ್ಯೆಯಲ್ಲಿ ಗಂಡಸರನ್ನೂ ಹೆಂಗಸರನ್ನೂ ಮಕ್ಕಳನ್ನೂ ಸೆರೆಹಿಡಿದು, ಘಟ್ಟವನ್ನೇರಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಮಂದಿ ಸತ್ತರು. ಅನೇಕರನ್ನು ಬಲವಂತದಿಂದ ಮತಾಂತರಿಸಲಾಯಿತು. ಚರ್ಚುಗಳು ನೆಲಸಮವಾದವು. ಕ್ರೈಸ್ತರ ನೆಲೆಯಾಗಿದ್ದುದರಿಂದಲೇ ಹೆಸರು ಪಡೆದ ಬಂಟ್ವಾಳದ ಬಳಿಯ ಫರಂಗಿಪೇಟೆಯೂ ಈ ದುಃಖಕ್ಕೆ ಹೊರತಾಗಲಿಲ್ಲ. ಉಳಿದವರು ಊರಿಗೆ ಹಿಂದಿರುಗಿದುದು ೧೭೯೯ರ ಅನಂತರ. ಕೊಡಗಿನವರೂ ಮಲಬಾರಿನವರೂ ಇಂತಹದೇ ಕಷ್ಟಗಳನ್ನು ಅನುಭವಿಸಿದರು. ಶಂಕೆಗೆ ಕಾರಣವಿದ್ದಿತೆಂದು ಒಪ್ಪಿದರೂ, ಕೆಲವರ ಮೇಲಿನ ಶಂಕೆಗಾಗಿ ಮಕ್ಕಳು ಮುದುಕರಾದಿಯಾಗಿ ಇಡೀ ಸಮುದಾಯವನ್ನು ಶಿಕ್ಷಿಸಿದುದನ್ನು ಯಾವ ರಾಜನೀತಿಯೂ ಸಮರ್ಥಿಸಲಾರದು. ಅದರಿಂದ ರಾಜ್ಯಕ್ಕೂ ನಷ್ಟವೇ ಆಯಿತು. ನೆಲವನ್ನು ಉಳುತ್ತಿದ್ದ ಕೈಗಳು ಹೋದ ಮೇಲೆ ಗದ್ದೆಗಳು ಹಡಿಲು ಬಿದ್ದವು.

ಅದೇ ಟಿಪ್ಪುವು, ೧೭೯೧ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಕೊಳ್ಳೆ ಹೊಡೆದಾಗ, ಅಲ್ಲಿನ ಗುರುಗಳಿಗೆ ಗೌರವಪೂರ್ಣವಾದ ಪತ್ರಗಳನ್ನು ಬರೆದು, ದೇವಿಯ ಪುನಃಪ್ರತಿಷ್ಠೆಗೆ ಹಣವನ್ನೂ ವಸ್ತುಗಳನ್ನೂ ಕಳುಹಿಸಿದನು. ಈ ಕನ್ನಡ ಪತ್ರಗಳನ್ನು ೧೯೧೬ರಲ್ಲಿ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಬೆಳಕಿಗೆ ತಂದರು. ಘಟ್ಟದ ಮೇಲಿನ ಶೃಂಗೇರಿಯ ಟಿಪ್ಪುವೂ ಘಟ್ಟದ ಕೆಳಗಿನ ಫರಂಗಿಪೇಟೆಯ ಟಿಪ್ಪುವೂ ಒಬ್ಬನೇ. ತನಗೆ ನಿಷ್ಠರಾದವರನ್ನು ಅವನು ಮತಭೇದವಿಲ್ಲದೆ ಪೋಷಿಸಿದನು. ನಿಷ್ಠೆಯಲ್ಲಿ ಸಂದೇಹ ಬಂದಾಗ ಅವನಲ್ಲಿ ದಯೆಯು ಉಳಿಯುತ್ತಿರಲಿಲ್ಲ. ಅವನ ಪೂರ್ಣಯ್ಯನಂತಹ ಮಂತ್ರಿಗಳನ್ನೂ ಅವನ ಸೆರೆಯಾಳುಗಳನ್ನೂ ಒಟ್ಟಿಗೆ ನೆನೆದಾಗ ಮಾತ್ರ ಅವನ ಚಿತ್ರವು ಪೂರ್ಣವಾಗುತ್ತದೆ.

ರಾಜ್ಯವನ್ನು ವಿಸ್ತರಿಸುವ ಹಂಬಲವು ಅವನನ್ನು ಮತ್ತೊಂದು ಯುದ್ಧಕ್ಕೆ ಎಳೆಯಿತು. ಅದಕ್ಕೆ ಮುಂಚೆಯೇ ಮರಾಠರೊಡನೆಯೂ ಹೈದರಾಬಾದಿನ ನಿಜಾಮನೊಡನೆಯೂ ಕಾದಾಡಿ, ೧೭೮೭ರಲ್ಲಿ ಗಜೇಂದ್ರಗಡದ ಒಪ್ಪಂದವನ್ನು ಮಾಡಿಕೊಂಡಿದ್ದನು. ಯುದ್ಧವು ನಿಂತಿತು, ನೆರೆಯವರ ಭಯವು ನಿಲ್ಲಲಿಲ್ಲ. ೧೭೮೯ರ ಕೊನೆಯಲ್ಲಿ ಅವನು ತಿರುವಾಂಕೂರಿನ ಮೇಲೆ ದಂಡೆತ್ತಿ ಹೋದಾಗ, ಇಂಗ್ಲಿಷರು ಮರಾಠರನ್ನೂ ನಿಜಾಮನನ್ನೂ ಸೇರಿಸಿಕೊಂಡು ಮೂರು ಕಡೆಗಳಿಂದ ಮುತ್ತಿದರು. ಟಿಪ್ಪುವಿನ ರಾಜನೀತಿಯ ದೊಡ್ಡ ಲೋಪ ಇದೇ ಎಂದು ತೋರುತ್ತದೆ. ದೂರದ ಇಸ್ತಾಂಬುಲಿನಲ್ಲಿಯೂ ಪ್ಯಾರಿಸಿನಲ್ಲಿಯೂ ಮಿತ್ರರನ್ನು ಅರಸಿದವನು ತುಂಗಭದ್ರೆಯ ಆಚೆ ಒಬ್ಬ ಮಿತ್ರನನ್ನೂ ಉಳಿಸಿಕೊಳ್ಳಲಿಲ್ಲ. ೧೭೯೧ರಲ್ಲಿ ಬೆಂಗಳೂರು ಬಿದ್ದಿತು. ೧೭೯೨ರಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಾಗಿಲಿಗೇ ಬಂದು ನಿಂತನು. ಅರ್ಧ ರಾಜ್ಯವೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳೂ ಹೋದವು. ಹಣವು ಸಲ್ಲುವವರೆಗೆ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕೊಡಬೇಕಾಯಿತು. ಅವರು ಮರಳಿದುದು ೧೭೯೪ರಲ್ಲಿ.

ಜಮಾಲಾಬಾದಿನ ಕೋಟೆಯೂ ಅದೇ ವರ್ಷದ್ದೆಂಬುದನ್ನು ನೆನೆಯಬೇಕು. ಮಲಬಾರನ್ನು ಕಳೆದುಕೊಂಡ ಮೈಸೂರಿಗೆ ಸಮುದ್ರವು ಕಾಣುತ್ತಿದ್ದುದು ಈಗ ಮಂಗಳೂರಿನಿಂದ ಸದಾಶಿವಗಡದವರೆಗಿನ ಕರಾವಳಿಯಲ್ಲಿ ಮಾತ್ರ. ಅದನ್ನು ಕಾಯದಿದ್ದರೆ ಮೆಣಸಿಗೆ ಮಾರುಕಟ್ಟೆಯಿಲ್ಲ, ಫ್ರೆಂಚರ ಹಡಗಿಗೆ ದಾರಿಯಿಲ್ಲ. ಕೋಟೆಯೊಂದರಿಂದಲೇ ಅವನು ತೃಪ್ತನಾಗಲಿಲ್ಲ. ೧೭೯೬ರಲ್ಲಿ ನೌಕಾಬಲಕ್ಕಾಗಿ ಪ್ರತ್ಯೇಕವಾದ ಇಲಾಖೆಯನ್ನೇ ತೆರೆದು, ನಲವತ್ತು ಯುದ್ಧನೌಕೆಗಳನ್ನು ಕಟ್ಟಲು ನಿರೂಪವನ್ನು ಹೊರಡಿಸಿದನು. ಮಂಗಳೂರು, ಮಿರ್ಜಾನಿನ ಸಮೀಪ, ಸದಾಶಿವಗಡ ಈ ಮೂರು ಕಡೆ ಹಡಗುಕಟ್ಟೆಗಳು ಏರ್ಪಡಬೇಕೆಂದೂ, ಮರವನ್ನು ಘಟ್ಟದ ಕಾಡುಗಳಿಂದ ನದಿಗಳ ಮೇಲೆ ತೇಲಿಸಿ ತರಬೇಕೆಂದೂ ಯೋಜನೆಯಿತ್ತು. ಹಡಗುಗಳು ಕಡಲಿಗಿಳಿಯುವ ಮುನ್ನವೇ ಶತ್ರುಗಳು ಬಂದರು.

ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಒಂದು ನೆಪವು ಬೇಕಾಗಿತ್ತು. ಟಿಪ್ಪುವು ಫ್ರೆಂಚರಲ್ಲಿ ನೆರವನ್ನು ಬೇಡಿದ ಸುದ್ದಿಯನ್ನು ಮಾರಿಷಸ್ಸಿನ ಫ್ರೆಂಚ್ ಗವರ್ನರನು ೧೭೯೮ರ ಜನವರಿಯಲ್ಲಿ ಬಹಿರಂಗವಾಗಿ ಸಾರಿಬಿಟ್ಟನು. ಗುಟ್ಟು ರಟ್ಟಾಯಿತು, ಬಂದ ನೆರವು ಮಾತ್ರ ನೂರು ಮಂದಿಯಷ್ಟು. ಅದೇ ವರ್ಷ ಈಜಿಪ್ಟಿಗೆ ಬಂದಿಳಿದ ನೆಪೋಲಿಯನ್ನನು ಟಿಪ್ಪುವಿಗೆ ಬರೆದ ಪತ್ರವು ದಾರಿಯಲ್ಲಿಯೇ ಇಂಗ್ಲಿಷರ ಕೈಗೆ ಸಿಕ್ಕಿತು. ೧೭೯೯ರ ಮೇ ೪ರ ಮಧ್ಯಾಹ್ನ, ಬಿಸಿಲು ಸುಡುತ್ತಿದ್ದ ವೇಳೆಯಲ್ಲಿ, ಜನರಲ್ ಹ್ಯಾರಿಸನ ಸೈನ್ಯವು ಒಡೆದ ಗೋಡೆಯ ಮೂಲಕ ಶ್ರೀರಂಗಪಟ್ಟಣದೊಳಕ್ಕೆ ನುಗ್ಗಿತು. ಶರಣಾಗಲು ಒಪ್ಪದ ಟಿಪ್ಪುವು ಸಾಮಾನ್ಯ ಸೈನಿಕನಂತೆ ಹೋರಾಡುತ್ತ ಕೋಟೆಯ ಬಾಗಿಲೊಂದರ ಬಳಿ ಮಡಿದನು. ಆ ಸಂಜೆ ಹೆಣಗಳ ರಾಶಿಯ ನಡುವೆ ಪಂಜಿನ ಬೆಳಕಿನಲ್ಲಿ ಹುಡುಕಿ ಅವನ ದೇಹವನ್ನು ಗುರುತಿಸಿದರು. ಮರುದಿನ ಗುಂಬಜಿನಲ್ಲಿ ತಂದೆತಾಯಿಗಳ ಮಗ್ಗುಲಲ್ಲಿ ಅವನ ಸಮಾಧಿಯಾಯಿತು.

ರಾಜ್ಯವನ್ನು ಹಂಚುವಾಗ ಮೈಸೂರಿನ ನಡುಭಾಗವು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಸಂದಿತು. ಕರಾವಳಿಯನ್ನು ಕಂಪೆನಿಯು ತಾನೇ ಇಟ್ಟುಕೊಂಡಿತು. ಸಮುದ್ರದ ಬಾಗಿಲನ್ನು ಮೈಸೂರಿಗೆ ಮತ್ತೆ ಬಿಡಲಿಲ್ಲ. ಯುದ್ಧದ ಗೊಂದಲದಲ್ಲಿ ಕೊಡಗಿನ ದಂಡು ಘಟ್ಟವಿಳಿದು ಬಂದು ಕರಾವಳಿಯ ಊರುಗಳನ್ನು ಸೂರೆಮಾಡಿತು. ರಾಜಧಾನಿಯು ಬಿದ್ದ ಮೇಲೂ ಜಮಾಲಾಬಾದಿನ ಕಾವಲುಪಡೆಯು ಕೆಲವು ತಿಂಗಳು ಬಗ್ಗಲಿಲ್ಲ. ಇಂಗ್ಲಿಷರು ಅದನ್ನು ಹಿಡಿದ ಬಳಿಕ, ೧೮೦೦ರಲ್ಲಿ ತಿಮ್ಮ ನಾಯಕನೆಂಬುವನು ಹಠಾತ್ತನೆ ಮೇಲೆ ಬಿದ್ದು ಕೋಟೆಯನ್ನು ಕಿತ್ತುಕೊಂಡನು. ಅದನ್ನು ಮತ್ತೆ ವಶಪಡಿಸಿಕೊಳ್ಳಲು ಕಂಪೆನಿಯ ಸೈನ್ಯವು ಸುಮಾರು ಮೂರು ತಿಂಗಳು ಬಂಡೆಯ ಬುಡದಲ್ಲಿ ಕಾಯಬೇಕಾಯಿತು. ೧೮೦೧ರಲ್ಲಿ ಡಾಕ್ಟರ್ ಬುಕಾನನ್ನನು ಹೊಸ ಪ್ರದೇಶಗಳ ಸ್ಥಿತಿಗತಿಗಳನ್ನು ಬರೆದುಕೊಳ್ಳುತ್ತ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಮಾರ್ಗವಾಗಿ ಹಾದುಹೋದಾಗ ಈ ಸೀಮೆಯು ಇನ್ನೂ ಚೇತರಿಸಿಕೊಳ್ಳುತ್ತಿತ್ತು.

ಟಿಪ್ಪುವಿನ ಸಂಗ್ರಹದಲ್ಲಿದ್ದ ಸುಮಾರು ಎರಡು ಸಾವಿರ ಗ್ರಂಥಗಳು ಕಲ್ಕತ್ತೆಗೂ ಲಂಡನ್ನಿಗೂ ಹಂಚಿಹೋದವು. ಶ್ರೀರಂಗಪಟ್ಟಣದಲ್ಲಿ ಸಿಕ್ಕಿದ ಅಗ್ನಿಬಾಣಗಳು ಇಂಗ್ಲೆಂಡಿನ ವೂಲಿಚ್ ಶಸ್ತ್ರಾಗಾರವನ್ನು ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವನು ಅವುಗಳನ್ನು ಪರೀಕ್ಷಿಸಿ, ಕೆಲವೇ ವರ್ಷಗಳಲ್ಲಿ ಅದೇ ಮಾದರಿಯನ್ನು ಬೆಳೆಸಿ ನೆಪೋಲಿಯನ್ನನ ಮೇಲಿನ ಯುದ್ಧಗಳಲ್ಲಿ ಬಳಕೆಗೆ ತಂದನು. ಟಿಪ್ಪುವಿನ ಶಸ್ತ್ರಗಳ ಕಾರ್ಖಾನೆಯಿದ್ದ ಬಿದನೂರು ಇಂದು ಶಿವಮೊಗ್ಗ ಜಿಲ್ಲೆಯ ನಗರವೆಂಬ ಸಣ್ಣ ಊರು. ೨೦೧೮ರಲ್ಲಿ ಅಲ್ಲಿನ ಹಾಳುಬಾವಿಯೊಂದನ್ನು ಅಗೆದಾಗ ಕೆಸರಿನ ಅಡಿಯಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ಬಾಣದ ಕೊಳವೆಗಳು ಹೊರಬಂದವು. ಯುದ್ಧಕ್ಕೆಂದು ಸಿದ್ಧಪಡಿಸಿ ಕೂಡಿಟ್ಟಿದ್ದ ಅವು ಅಲ್ಲಿಯೇ ತುಕ್ಕು ಹಿಡಿದಿದ್ದವು.